ಭಾನುವಾರದ ಕಸ

"ಕೂತ್ಕೋ," ಎಂದಳು ತೈಸಿಯಾ. ವೆನಿಯಮಿನ್ ಕೋಟು ಹಾಕಿಕೊಂಡೇ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತ. ಪಕ್ಕದಲ್ಲಿ ಅವಳೂ ಕೂತಳು. ಹೊರಡುವ ಮುಂಚೆ ಒಂದು ಗಳಿಗೆ ಹೀಗೆ ಸುಮ್ಮನೆ ಕೂರದಿದ್ದರೆ ಪ್ರಯಾಣ ಕೆಡುತ್ತದೆಂದು ಅವಳ ನಂಬಿಕೆ.

ಐದು ಅವಧಿಯಿಂದ ಅವನು ಸಂಸತ್ತಿನ ಸದಸ್ಯ. ಭಾನುವಾರ ಸಂಜೆಯಾದರೆ ಈ ಬೆಂಚಿನಿಂದೆದ್ದು ಮಾಸ್ಕೋ ರೈಲು ಹಿಡಿಯುವುದೇ ಅವನ ಬಾಳಾಗಿತ್ತು. ಊರಿನ ವ್ಯಾಟ್ಕಾ ನದಿಗೆ ಸೇತುವೆ ತಂದ. ಅದೊಂದಕ್ಕೇ ಎರಡು ಅವಧಿ ಹಿಡಿಯಿತು. ಶನಿವಾರ ಊರಿನವರೆಲ್ಲ ಸೇರುವ ಹಬೆಸ್ನಾನದ ಮನೆಯಲ್ಲೂ ಜನ ಅವನನ್ನು ಬಿಡುತ್ತಿರಲಿಲ್ಲ. ಹಬೆಯಲ್ಲಿ ಬೆವರುತ್ತಲೇ ಪಿಂಚಣಿಯ ದೂರು ಕೇಳುತ್ತಿದ್ದ. ಊರಿಗೆಲ್ಲ ಬೇಕಾದವನು, ಮನೆಗೆ ಮಾತ್ರ ನೆಂಟ. ಅವನು ಮಾಸ್ಕೋ ಮುಟ್ಟಿ ಫೋನು ಮಾಡುವವರೆಗೆ ತೈಸಿಯಾ ಪೊರಕೆ ಮುಟ್ಟುತ್ತಿರಲಿಲ್ಲ. ಹೋದವರ ಬೆನ್ನಿಗೇ ಗುಡಿಸಿದರೆ ಅವರು ಮರಳುವ ದಾರಿಯೂ ಅಳಿಸಿಹೋಗುತ್ತದಂತೆ.

ಹೋದ ವಾರ ಪಕ್ಷದ ಹಿರಿಯರು ಭುಜ ತಟ್ಟಿ, ಎಳೆಯರಿಗೆ ಜಾಗ ಬಿಡಿ ಅಂದಿದ್ದರು. ಶುಕ್ರವಾರ ರಾಜೀನಾಮೆ ಕೊಟ್ಟು, ಕೋಟಿಗೆ ಸಿಕ್ಕಿಸಿದ್ದ ಸಂಸದರ ಬಿಲ್ಲೆ ಬಿಚ್ಚಿಟ್ಟು ಬಂದಿದ್ದ. ಹೆಂಡತಿಗೆ ಇನ್ನೂ ಹೇಳಿರಲಿಲ್ಲ. ತಾನಿಲ್ಲದೆ ಅವಳು ಕಟ್ಟಿಕೊಂಡ ದಿನಗಳಲ್ಲಿ ತನಗೆಲ್ಲಿ ಜಾಗ ಎಂದು ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

"ಏಳು, ರೈಲು ತಪ್ಪುತ್ತೆ."

ಅವನು ಏಳಲಿಲ್ಲ.

"ವೇನ್ಯಾ, ಕಾಲು ನೋವಾ?"

"ಹೋಗಲ್ಲ ತಾಸ್ಯಾ. ಎಲ್ಲಾ ಬಿಟ್ಟುಬಂದೆ. ಶುಕ್ರವಾರವೇ."

ಅವಳು ಅವನ ಮುಖವನ್ನೇ ನೋಡಿದಳು. "ಮತ್ತೆ ಬೆಳಗಿಂದ ದಾರಿಗೆ ಅಂತ ಎಲೆಕೋಸಿನ ಕಡುಬು ಮಾಡಿಸ್ದೆಯಲ್ಲೋ!"

"ಹೇಳೋಕೆ ಬಾಯೇ ಬರ್ಲಿಲ್ಲ."

"ಸಂಸತ್ತಲ್ಲಿ ಮಾತಾಡಿದ ಬಾಯಿ!"

"ಅಲ್ಲೆಲ್ಲಿ ಮಾತಾಡ್ದೆ? ಮತದ ಗುಂಡಿ ಒತ್ತಿದ್ದೇ ಬಂತು."

ಅವಳಿಗೆ ನಗು ಬಂದರೂ ನಗಲಿಲ್ಲ. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದ: "ಸೋಮವಾರ ನೀನು ಏನ್ಮಾಡ್ತೀಯ ಅನ್ನೋದೂ ನಂಗೊತ್ತಿಲ್ಲ. ನಾನಿಲ್ಲೇ ಇದ್ದುಬಿಟ್ರೆ... ನಿಂಗೆ ಕಷ್ಟ ಆಗುತ್ತಾ?"

ತೈಸಿಯಾ ಎದ್ದು ಅಡುಗೆಮನೆಗೆ ಹೋದಳು. ಅವನು ತನ್ನ ಚೀಲವನ್ನು ನೋಡುತ್ತ ಕೂತ. ಮರಳಿ ಬಂದಾಗ ಅವಳ ಕೈಯಲ್ಲಿ ಪೊರಕೆಯಿತ್ತು. ಕಿಟಕಿಯ ಮೂಲೆಯಿಂದ ಶುರುಮಾಡಿ, ಮೇಜಿನ ಕೆಳಗೆಲ್ಲ ನಿಧಾನವಾಗಿ ಗುಡಿಸುತ್ತ ಬೆಂಚಿನ ಹತ್ತಿರ ಬಂದಳು.

"ಕಾಲೆತ್ತು," ಎಂದಳು.

ಅವನು ಎರಡೂ ಕಾಲೆತ್ತಿಕೊಂಡು ಕೂತ.