ಅತ್ತೆಯ ಮಿಯಾಕೊದೋರಿ

“ಹೊಸ ವರ್ಷದ ಎರಡನೇ ದಿನ, ಬೆಚ್ಚಗಿನ ಮನೆ ಬಿಟ್ಟು ಕೆಸರು ನೋಡೋಕೆ ಯಾರಾದ್ರೂ ಬರ್ತಾರಾ?”

ಮಿತ್ಸುಯೊ ಕೇಳಿದ್ದು ಯಾರನ್ನೂ ಅಲ್ಲ. ಕೇಳಬೇಕಾದ ಗಂಡ ತೊಕಿಹಾರು ಕಟ್ಟೆಯ ಆ ತುದಿಯಲ್ಲಿ ದುರ್ಬೀನಿಗೆ ಕಣ್ಣು ಅಂಟಿಸಿಕೊಂಡು ನಿಂತಿದ್ದ. ಟೋಕಿಯೊ ಕೊಲ್ಲಿಯ ಗಾಳಿ ಅವಳ ಮಾತನ್ನು ಅವಳ ಬಾಯಿಗೇ ತಿರುಗಿ ತುರುಕಿತು.

ಎಲ್ಲಕ್ಕೂ ಮೂಲ ಅತ್ತೆ ಉಮೆನೊ ಆಡಿದ ಒಂದು ಮಾತು. ನಾಡಿದ್ದು ಅವರು ಮಗಳ ಮನೆಗೆ ಹೊರಟಿದ್ದರು. ಅದು ಬೆಟ್ಟಗಳ ನಡುವಿನ ಹಿಮದ ಊರು, ಕಡಲಿನ ಸುಳಿವೇ ಇಲ್ಲ; ಸೋತ ಮೊಣಕಾಲು ಹೊತ್ತು ಅಲ್ಲಿಂದ ಮರಳುವ ಮಾತೂ ಇರಲಿಲ್ಲ. ಹೋಗುವ ಮೊದಲು ಒಮ್ಮೆ ಮಿಯಾಕೊದೋರಿಯನ್ನು ನೋಡಬೇಕು ಅಂದಿದ್ದರು. ರಾಜಧಾನಿಯ ಹಕ್ಕಿ ಎಂದು ಆ ಹೆಸರಿನ ಅರ್ಥ. ಅವರ ಅಪ್ಪ ರಾಗ ಎಳೆದು ಹೇಳುತ್ತಿದ್ದ ಹಳೆಯ ಪದ್ಯಗಳೊಳಗೆ ಹಾರುತ್ತಿದ್ದ ಹಕ್ಕಿ ಅದು. ಆ ಪದ್ಯಗಳನ್ನು ಅತ್ತೆ ಇಂದಿಗೂ ಬುದ್ಧನ ಮುಂದೆ ಊದುಬತ್ತಿ ಹಚ್ಚುವಾಗ ಗುನುಗುತ್ತಾರೆ.

ಹಕ್ಕಿಯ ಹುಚ್ಚಿನ ಮಗನಿಗೆ ಅಷ್ಟು ಸಾಕಾಯಿತು. ಬೆಳಗಿನಿಂದ ಒಂದು ದಂಡೆ ಆಯಿತು, ಇನ್ನೊಂದಾಯಿತು, ಇದು ಮೂರನೆಯದು. ಪ್ರತಿ ಸಲವೂ ಕಾರಿನಿಂದ ಗಾಲಿಕುರ್ಚಿ ಇಳಿಸಿ, ಅತ್ತೆಗೆ ಕಂಬಳಿ ಸುತ್ತಿ, ಮತ್ತೆ ಬಿಚ್ಚಿ, ಮತ್ತೆ ಹತ್ತಿಸುವ ಕೆಲಸ ಮಿತ್ಸುಯೊಳದು. ಅವನು ಹುಡುಕುತ್ತಿದ್ದದ್ದು ಕಪ್ಪು ಬೆನ್ನಿನ, ಕ್ಯಾರೆಟ್ಟಿನಂಥ ಕೊಕ್ಕಿನ, ಕೆಸರಲ್ಲಿ ಚಿಪ್ಪು ಬಿಡಿಸಿ ತಿನ್ನುವ ಹಕ್ಕಿ.

“ಬಂದ್ವು ನೋಡಮ್ಮ,” ಅಂದರು ಅತ್ತೆ.

ಕುರ್ಚಿಯ ಮುಂದೆ ಬಿಳಿ ಕಡಲಹಕ್ಕಿಗಳ ಹಿಂಡೊಂದು ಇಳಿದಿತ್ತು. ಚಳಿಗಾಲದಲ್ಲಿ ಊರ ನದಿಯ ಸೇತುವೆಗಳ ಮೇಲೆಲ್ಲ ಸಾಲುಗಟ್ಟಿ ಕೂರುವಂಥವೇ.

“ಇದಲ್ಲ ಅತ್ತೆ. ಅದು ಕಪ್ಪಗಿರುತ್ತಂತೆ. ಇವರ ಹಕ್ಕಿ ಪುಸ್ತಕದಲ್ಲಿದೆಯಂತೆ.”

“ಕಪ್ಪೆಲ್ಲಿಂದ ಬಂತು? ಅಪ್ಪನ ಪದ್ಯದಲ್ಲಿ ಬಿಳೀದು. ಕೊಕ್ಕು ಕೆಂಪು, ಕಾಲು ಕೆಂಪು. ಪುಸ್ತಕದೋರು ಆ ಹೆಸರನ್ನ ಇನ್ಯಾವುದಕ್ಕೋ ಕೊಟ್ರೆ ಇದೇನ್ ಮಾಡುತ್ತೆ, ಪಾಪ?”

ಮಿತ್ಸುಯೊ ಬಗ್ಗಿ ನೋಡಿದಳು. ಕೊಕ್ಕೂ ಕೆಂಪು, ಕಾಲೂ ಕೆಂಪು. ಹೆಸರೊಂದು, ಹಕ್ಕಿ ಎರಡು. ಮನೆಯ ಹಿಂದಿನ ಸೇತುವೆಯ ಮೇಲೇ ಮುಗಿಯಬಹುದಾಗಿದ್ದ ಕೆಲಸಕ್ಕೆ ಬೆಳಗಿನಿಂದ ಕೊಲ್ಲಿ ಸುತ್ತಿದ್ದಾಯಿತು. ಅವಳಿಗೆ ನಗು ಬರಬೇಕಿತ್ತು, ಬಂದದ್ದು ಸಿಟ್ಟು.

ಅಷ್ಟರಲ್ಲಿ ತೊಕಿಹಾರು ಓಡುತ್ತ ಬಂದ. ಕೊಲ್ಲಿಯ ಆಚೆ ದಡದಲ್ಲಿ ಕಪ್ಪು ಹಿಂಡು ಇಳಿದಿದೆಯೆಂದು ಗೆಳೆಯ ಫೋನು ಮಾಡಿದ್ದನಂತೆ. ನೀರು ಏರುವುದರೊಳಗೆ ಮುಟ್ಟಬೇಕಂತೆ. ಅತ್ತೆ ನೋಡಬೇಕಾದ್ದನ್ನು ನೋಡಿ ಆಯಿತು ಎಂದು ಮಿತ್ಸುಯೊ ಬಿಡಿಸಿ ಹೇಳಿದಳು. ಪದ್ಯ ಕಟ್ಟಿದವರಿಗೆ ಹಕ್ಕಿಗಳ ಗುರುತೆಲ್ಲಿತ್ತು ಎಂದು ಅವನು ವಾದಿಸಿದ. ಆಮೇಲೆ ದನಿ ತಗ್ಗಿತು.

“ಅಮ್ಮ ತಪ್ಪು ಹಕ್ಕಿ ನೋಡ್ಕೊಂಡು ಹೋಗ್ಬಾರ್ದು ಕಣೇ. ನನ್ನ ಕೈಲಿ ಕೊಡೋಕಾಗೋದು ಇದೊಂದೇ.”

ಕುರ್ಚಿಯಲ್ಲಿ ಅತ್ತೆ ಅಪ್ಪನ ರಾಗದಲ್ಲೇ ಪದ್ಯವನ್ನು ಎಳೆಯತೊಡಗಿದ್ದರು. ಹಕ್ಕಿಗಳು ಕದಲಿರಲಿಲ್ಲ.

“ನಾನು ಕರೆದ್ರೆ ಅಮ್ಮ ಬರಲ್ಲ, ನೀನು ಹೇಳಿದ್ರೆ ಕೇಳ್ತಾರೆ,” ಎಂದು ಅವನು ಕಾರಿನ ಬೀಗದಕೈ ತೆಗೆದ. “ಕುರ್ಚಿ ತಳ್ಕೊಂಡು ಬಾ.”

ಮಿತ್ಸುಯೊ ಕುರ್ಚಿಯ ಗಾಲಿಗೆ ತಡೆ ಹಾಕಿದಳು.

“ತಳ್ಳಲ್ಲ ರೀ.”