ಮಗಳ ಮಗ್ಗದ ಮುಂದೆ

ಚಳ್ಳಕೆರೆಯ ಆಚೆ ಇರುವ ಹೆಂಗಸರ ಬಯಲು ಜೈಲಿಗೆ ಗೋಡೆಯಿಲ್ಲ, ಬೇಲಿಯಷ್ಟೇ. ಬೆಳಿಗ್ಗೆ ಶೇಂಗಾ ಹೊಲಕ್ಕೆ ಹೋದವರು ಸಂಜೆ ತಾವಾಗಿಯೇ ತಿರುಗಿ ಬರಬೇಕು. ದ್ರಾಕ್ಷಾಯಣಮ್ಮ ಒಂದು ದಿನವೂ ತಡಮಾಡಿದವಳಲ್ಲ. ಕುಡಿದು ಬಂದು ಮಗಳ ಮೇಲೆ ಕೈಯೆತ್ತಿದ ಗಂಡನಿಗೆ ಒನಕೆಯಿಂದ ಹೊಡೆದಿದ್ದಳು. ಅವನು ಮೇಲೇಳಲಿಲ್ಲ. ಆಗ ಲಂಗ ಹಾಕುತ್ತಿದ್ದ ಮಗಳು ತ್ರಿವೇಣಿ ಈಗ ಮೊಳಕಾಲ್ಮೂರಿನಲ್ಲಿ ಗಂಡನ ಜೊತೆ ರೇಷ್ಮೆ ಸೀರೆ ನೇಯುತ್ತಾಳೆ.

ಬಿಡುಗಡೆಯ ಮಾತು ಬಂದಿತ್ತು; ಆದರೆ ಇಟ್ಟುಕೊಳ್ಳುತ್ತೇವೆಂದು ಮನೆಯವರು ಯಾರಾದರೂ ಒಪ್ಪಬೇಕಿತ್ತು. "ಮಗಳು ಮನೆಗೆ ಕರ್ಕೊಳ್ತಾಳಾ, ನೀನೇ ಹೋಗಿ ಕೇಳ್ಕೊಂಡು ಬಾ" ಎಂದು ಜೈಲಿನ ಮೇಡಂ ರಜೆ ಕೊಟ್ಟರು.

"ಮಗಳ ಮನೆ ಅನ್ನ ತಿಂದು ನಮ್ಮ ಮುದ್ದೆ ಮರೀಬ್ಯಾಡ" ಎಂದು ಜೊತೆಯ ಕೈದಿ ದುರುಗಕ್ಕ ಛೇಡಿಸಿದಳು.

"ನೀನು ಕಟ್ಟಿದ ಮುದ್ದೆ ಮರಿಯಾಕಾಗ್ತೈತೇನೆ? ಇನ್ನೂ ಗಂಟಲಾಗೇ ಕುಂತೈತೆ."

ಮೊಳಕಾಲ್ಮೂರಿನಲ್ಲಿ ಮಗಳು "ಬಾರವ್ವ" ಎಂದಳು, ನೀರು ಕೊಟ್ಟಳು. ಮತ್ತೆ ಮಗ್ಗದ ಕಡೆ ತಿರುಗಿದಳು. ಮಗ್ಗದಲ್ಲಿ ಸೀರೆ ಮುಗಿದು, ಹಳೇ ಹಾಸಿನ ಉದ್ದೆಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೆಚ್ಚುವುದಿತ್ತು. ಕೆಚ್ಚುವ ಹೆಂಗಸು ಜ್ವರವೆಂದು ಬಂದಿರಲಿಲ್ಲ.

"ನಾನು ಕೆಚ್ತೀನಿ, ನೀನು ಒಲೆ ಕಡೆ ನೋಡು" ಎಂದಳು ದ್ರಾಕ್ಷಾಯಣಮ್ಮ. ಒಂದು ಕಾಲಕ್ಕೆ ಅವಳು ಕೆಚ್ಚಿದರೆ ಎಲ್ಲಿ ಸೇರಿಸಿದ್ದೆಂದು ಗೊತ್ತಾಗುತ್ತಿರಲಿಲ್ಲ. ಈ ಕೆಲಸವೊಂದು ಕೈಹತ್ತಿದರೆ ಮಗಳೇ ಇರು ಅಂದಾಳು, ಬಾಯಿಬಿಟ್ಟು ಕೇಳುವುದು ತಪ್ಪೀತು ಎಂಬ ಆಸೆ.

ಎಳೆ ಜಾರದಂತೆ ಬೆರಳಿಗೆ ಬೂದಿ ಮುಟ್ಟಿಸಿ ಕೂತಳು. ಶೇಂಗಾ ಕಿತ್ತು ಕಿತ್ತು ಸೀಳಿದ್ದ ಬೆರಳುಗಳು. ಜಾಲಿ ಮುಳ್ಳಿಗೆ ಅರಳೆ ಸಿಕ್ಕಿಕೊಂಡಂತೆ ಎಳೆ ಸಿಕ್ಕಿಕೊಂಡಿತು. ಬಿಡಿಸಹೋದರೆ ಪಕ್ಕದ ಎಳೆಗಳೂ ಹರಿದವು. ಎಣ್ಣೆ ಕೈಯಲ್ಲಿ ರೇಷ್ಮೆ ಮುಟ್ಟಬಾರದೆಂದು ನೇಕಾರರ ಮನೆಯ ಹೆಣ್ಣಿಗೆ ತಿಳಿಯದೇ? ತಿಳಿದಿತ್ತು. ಆದರೂ ಗೂಡಿನಲ್ಲಿದ್ದ ಕೊಬ್ಬರಿ ಎಣ್ಣೆಯನ್ನು ಸೀಳುಗಳಿಗೆ ಸವರಿ, ಸೆರಗಿಗೆ ತಿಕ್ಕಿ ಒರೆಸಿಕೊಂಡು ಮತ್ತೆ ಕೂತಳು. ಎಳೆ ಈಗ ಸಿಕ್ಕಿಕೊಳ್ಳಲಿಲ್ಲ. ಹಾಸಿನ ಮೇಲೆ ಕಲೆ ಹರಡಿತು.

ತ್ರಿವೇಣಿ ಬಂದು ನೋಡಿದಳು. ಬೈಯಲಿಲ್ಲ. "ಕೈ ತೆಗಿಯವ್ವ" ಎಂದು ಕತ್ತರಿ ತಂದು ಕಲೆಯಾದಷ್ಟು ಹಾಸನ್ನೂ ಕತ್ತರಿಸಿದಳು.

"ಬೈಯಬಾರದೇನೆ" ಎಂದಳು ತಾಯಿ.

"ಸಿಟ್ಟಿಲ್ಲವ್ವ. ಹಾಸು ಹೋದ್ರೆ ಇನ್ನೊಂದು ಬರ್ತೈತೆ. ಅವತ್ತು ನನ್ನ ಸಲುವಾಗೇ ಹೊಡ್ದೆ ಅನ್ನೋದೂ ಗೊತ್ತು." ಕತ್ತರಿಯನ್ನು ಕೆಳಗಿಟ್ಟಳು. "ಆದ್ರೆ ನೀನು ಬಂದು ಕುಂತ್ರೆ ಅಪ್ಪಾನೂ ಪಕ್ಕದಾಗೇ ಬಂದು ಕುಂತಂಗಾಗ್ತೈತೆ. ದಿನಾ ಹೆಂಗ್ ನೋಡ್ಲಿ?"

ದ್ರಾಕ್ಷಾಯಣಮ್ಮ ಕತ್ತರಿಸಿ ಬಿದ್ದ ಎಳೆಗಳನ್ನು ಆಯ್ದು ಉಂಡೆ ಮಾಡಿದಳು. ಆಮೇಲೆ, "ಆತು ಬಿಡವ್ವ" ಎಂದಳು. ಮಗಳು ಬಡಿಸಿದ್ದನ್ನು ಉಂಡಳು. ರಜೆ ಇನ್ನೂ ಉಳಿದಿದ್ದರೂ ಮಧ್ಯಾಹ್ನದ ಬಸ್ಸು ಹತ್ತಿದಳು.

"ಏನಂದಳು ಮಗಳು?" ಮೇಡಂ ಕೇಳಿದರು.

"ಇರು ಅಂತ ಕೈ ಹಿಡ್ಕಂಡು ಅತ್ಲು ಕಣ್ರಿ. ನಾನೇ ಒಲ್ಲೆ ಅಂದೆ. ಸಣ್ಣ ಮನೆ, ಮಗ್ಗದ ಸದ್ದು ಬ್ಯಾರೆ. ನನಗೆ ಒಗ್ಗಲ್ಲ."

ಮೇಡಂ ಅವಳ ಮುಖವನ್ನೇ ನೋಡಿದರು. "ಮತ್ತೆ ನಿನ್ನ ಬಿಡುಗಡೆ?"

"ಬ್ಯಾರೆ ಯಾರಿಗಾದ್ರೂ ಕೊಡ್ರಿ" ಎಂದಳು ದ್ರಾಕ್ಷಾಯಣಮ್ಮ, ಅದೇನೋ ಕೈಯಿಂದ ಕೈಗೆ ದಾಟಿಸಬಹುದಾದ ವಸ್ತುವೆಂಬಂತೆ.