ಟೇಪಿನ ಮೇಲಿನ ಗುಂಡಿ

ದರ್ಜಿಯ ಕತ್ತು ಎಡಕ್ಕೆ ತಿರುಗಿ ಹತ್ತು ತಿಂಗಳಾಗಿತ್ತು. ಅಕ್ಕ ತೀರಿಕೊಂಡ ವಾರದಲ್ಲೇ ಶುರುವಾದದ್ದು. ಅಂಗಡಿಯ ಎಡಗಡೆ, ರಸ್ತೆ ಬಾಗಿಲ ಪಕ್ಕ, ಅಕ್ಕನ ಸ್ಟೂಲು. ಅಲ್ಲಿ ಕೂತು ಮೂವತ್ತು ವರ್ಷ ಕಾಜಾ ಮಾಡಿ ಗುಂಡಿ ಹಾಕಿದವಳು. 'ಪಾಪ, ಅಕ್ಕನ ಜಾಗಾನೇ ನೋಡ್ತಾನೆ' ಎಂದು ಬೀದಿಯವರು ಲೊಚಗುಟ್ಟಿದರು. ಅವನೂ ನಂಬಿದ. ಸಾಕಿ ಸಲಹಿದವಳು ಹೋದರೆ ಕತ್ತು ತಿರುಗದೆ ಇನ್ನೇನು?

ಆದರೆ ಕತ್ತರಿಸುವವನಿಗೆ ಬಟ್ಟೆ ಕಾಣಬೇಡವೇ? ಅಕ್ಕನ ಮಗಳು ವಕೀಲಿ ಓದಿ ಮುಗಿಸಿದ್ದಳು. ಸೋಮವಾರ ಮೊದಲ ಸಲ ಕೋರ್ಟಿಗೆ. ಅವಳ ಕರಿಕೋಟನ್ನು ತಮ್ಮನೇ ಕತ್ತರಿಸಬೇಕೆಂದು ಅಕ್ಕ ಬಟ್ಟೆ ತೆಗೆದಿಟ್ಟು, ಮಾತು ತೆಗೆದುಕೊಂಡೇ ಕಣ್ಣು ಮುಚ್ಚಿದ್ದಳು. ಮೂರು ಸಲ ಬಟ್ಟೆ ಹಾಸಿದ, ಮೂರು ಸಲವೂ ಸೀಮೆಸುಣ್ಣದ ಗೆರೆ ಸೊಟ್ಟ. ಈ ಒಂದು ಕೋಟು ಆಗದಿದ್ದರೆ ತಾನು ದರ್ಜಿಯೂ ಅಲ್ಲ, ತಮ್ಮನೂ ಅಲ್ಲ ಎನ್ನಿಸಿಬಿಟ್ಟಿತು.

ಗುರುವಾರ ನರರೋಗದ ಡಾಕ್ಟರ ಬಳಿ ಹೋದ.

"ಇದಕ್ಕೆ ಡಿಸ್ಟೋನಿಯಾ ಅಂತಾರೆ," ಎಂದರು ಡಾಕ್ಟರು. "ಕತ್ತಲ್ಲಿ ಏನೂ ಕೆಟ್ಟಿಲ್ಲ. ತಲೆ ನೆಟ್ಟಗಿದೆಯೋ ಇಲ್ವೋ ಅನ್ನೋ ಲೆಕ್ಕ ಮಿದುಳಲ್ಲೇ ತಪ್ತಿದೆ. ಕೆಲವರಿಗೆ ದವಡೆ ಹತ್ರ ಸುಮ್ನೆ ಮುಟ್ಟಿದ್ರೂ ಆ ಲೆಕ್ಕ ಸರಿಹೋಗುತ್ತೆ."

ಬೆರಳಿಟ್ಟು ನೋಡಿದ. ಕತ್ತು ಹೇಳಿದಂತೆ ಕೇಳಿತು.

"ಒಂದು ಕೈಲಿ ಬಟ್ಟೆ, ಒಂದು ಕೈಲಿ ಕತ್ತರಿ. ದವಡೆಗೆ ಮೂರನೇ ಕೈ ಎಲ್ಲಿಂದ ತರ್ಲಿ ಸ್ವಾಮಿ?"

ಡಾಕ್ಟರು ನಕ್ಕರು. "ನಿಮ್ಮ ಈ ಕಾಯಿಲೆ ಹೊಸದೇನಲ್ಲ. ಕತ್ತಿನ ಸ್ನಾಯು ದಪ್ಪಗಾಗಿರೋದು ನೋಡಿದ್ರೆ ಎಷ್ಟೋ ವರ್ಷದಿಂದ ಇದ್ದಿರಬೇಕು." ಅವನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಅಕ್ಕನ ಮಗಳು ಬಂದಳು. "ಅಳತೆಯಾದ್ರೂ ಇನ್ನೊಂದ್ಸಲ ತಗೊಳ್ಳಿ ಮಾವ," ಎನ್ನುತ್ತಾ ಅಮ್ಮನ ದಾರದ ಡಬ್ಬಿ ತೆರೆದು ಹಳೇ ಟೇಪು ತೆಗೆದಳು. ದಿನಾ ಬೆಳಿಗ್ಗೆ ಅವನ ಕೊರಳಿಗೆ ಅದನ್ನು ಹಾಕುತ್ತಿದ್ದವಳು ಅಕ್ಕ. ಹಾಕುವವಳೇ ಇಲ್ಲದ ಮೇಲೆ ಟೇಪೇಕೆಂದು ಅವನೇ ಡಬ್ಬಿಗೆ ಸೇರಿಸಿದ್ದ. ಹುಡುಗಿ ಅಮ್ಮ ಮಾಡುತ್ತಿದ್ದಂತೆಯೇ ಅದನ್ನು ಕೊರಳಿಗೆ ಹಾಕಿ, ಎಡದ ತುದಿ ಎಳೆದು, ಅದರ ಮೇಲೆ ಹೊಲಿದಿದ್ದ ಅಂಗಿಗುಂಡಿಯನ್ನು ದವಡೆಯ ಕೆಳಗೆ ಕೂರಿಸಿದಳು.

ಕತ್ತು ತಾನಾಗಿ ಮೇಜಿನ ಕಡೆ ತಿರುಗಿತು.

ಗುಂಡಿ ಅಲ್ಲೇ ಇರಲೆಂದು ಆ ಟೇಪನ್ನು ಕೊರಳಲ್ಲೇ ಬಿಟ್ಟರು. ಅವನು ಬೇರೆ ಟೇಪಿನಲ್ಲಿ ಅಳತೆ ತೆಗೆದ, ಬಟ್ಟೆ ಹಾಸಿ ಗೆರೆ ಎಳೆದ. ಗೆರೆ ನೇರ ಬಂತು.

ಕತ್ತರಿ ಆಡಿದಂತೆ ಹಳೆಯದೆಲ್ಲ ನೆನಪಾಯಿತು. ಮೊದಮೊದಲು ಕೆಲಸದ ನಡುವೆ ಅವನ ಮುಖ ಬಾಗಿಲ ಕಡೆ ಜಾರಿದಾಗೆಲ್ಲ ಅಕ್ಕ ಎದ್ದು ಬಂದು, ದವಡೆಗೆ ಬೆರಳಿಟ್ಟು, "ರಸ್ತೆ ನೋಡ್ಬೇಡ, ಬಟ್ಟೆ ನೋಡು" ಎನ್ನುತ್ತಿದ್ದಳು. ನೋಡ್ತಿಲ್ಲ ಕಣೆ ಎಂದು ಆಣೆಯಿಟ್ಟರೂ ಬೈಗುಳ ತಪ್ಪುತ್ತಿರಲಿಲ್ಲ. ಆಮೇಲೊಂದು ದಿನ ಟೇಪಿಗೆ ಈ ಗುಂಡಿ ಬಂತು. ಗಿರಾಕಿಗಳು ನಗ್ತಾರೆ, ಕಿತ್ತುಹಾಕು ಎಂದು ಎಷ್ಟು ಜಗಳವಾಡಿದ್ದ! "ಜಾರಬಾರ್ದು ಅಂತ ಹಾಕಿದ್ದು, ಸುಮ್ನಿರು," ಎಂದಿದ್ದಳು. ಜಾರಬಾರದ್ದು ಟೇಪು ಎಂದುಕೊಂಡು ಅವನು ಸುಮ್ಮನಾಗಿದ್ದ.

"ಅಮ್ಮಂಗೆ ಈ ಕಾಯಿಲೆ ಗೊತ್ತಿತ್ತಾ ಮಾವ?"

"ಕಾಯಿಲೆ ಎಲ್ಲಿ ಗೊತ್ತಿರುತ್ತಮ್ಮ. ಎಲ್ಲಿ ಮುಟ್ಟಬೇಕು ಅನ್ನೋದು ಗೊತ್ತಿತ್ತು."

ಭಾನುವಾರ ಕೋಟು ಮುಗಿಯಿತು. ಗುಂಡಿ ಹಾಕುವ ಹೊತ್ತಿಗೆ ಅವನು ಮೇಜು ಬಿಟ್ಟು ಅಕ್ಕನ ಸ್ಟೂಲಿನ ಮೇಲೆ ಹೋಗಿ ಕೂತ. ಬಾಯಲ್ಲಿ ಅಷ್ಟು ಬೈದವಳು, ರಸ್ತೆ ನೋಡ್ತಿಲ್ಲ ಎಂಬ ಅವನ ಆಣೆಯನ್ನು ಒಳಗೊಳಗೆ ನಂಬಿದ್ದಳು. ನಂಬದೆ ಯಾರಾದರೂ ಟೇಪಿಗೆ ಗುಂಡಿ ಹೊಲಿಯುತ್ತಾರೆಯೇ? ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲು ತುಂಬ ಹೊತ್ತು ಹಿಡಿಯಿತು.